ಹೂಂ ಅಂದರೆ ಸಾಲದು: ದಾವಣಗೆರೆಯಲ್ಲಿ ಕೂತು ಆರ್‌ಟಿಆರ್ ಪರೀಕ್ಷೆಗೆ ತಯಾರಾದ ಬಗೆ

ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ ಓದುವವರಿಗೆ ನ್ಯಾವಿಗೇಷನ್, ಹವಾಮಾನ, ಏರ್ ರೆಗ್ಯುಲೇಷನ್ ಪೇಪರುಗಳ ಬಗ್ಗೆ ಹೇಳುವವರು ಬೇಕಾದಷ್ಟು ಸಿಗುತ್ತಾರೆ. ವಿಮಾನದ ರೇಡಿಯೊ ಬಳಸಲು ಪಾಸಾಗಬೇಕಾದ ಆರ್‌ಟಿಆರ್ ಪರೀಕ್ಷೆ ಅಂದರೆ ಮಾತ್ರ "ರೇಡಿಯೊದಲ್ಲಿ ಇಂಗ್ಲಿಷ್ ಮಾತಾಡೋದು, ಅಷ್ಟೇ" ಎಂದು ಮುಗಿಸಿಬಿಡುತ್ತಾರೆ. ಕಾಗದಪತ್ರ ಹೊಂದಿಸಲು ಶುರುಮಾಡಿದ ದಿನದಿಂದ ಲೆಕ್ಕ ಹಾಕಿದರೆ ನನಗೆ ಹತ್ತು ತಿಂಗಳು ಹಿಡಿದ ಕೆಲಸ ಇದು. ಇಷ್ಟು ದಿನದಲ್ಲಿ ಇಂಗ್ಲಿಷಿನಿಂದ ಆದ ತೊಂದರೆ ಕಡಿಮೆ. ಬೆಳಗಿನಿಂದ ಸಂಜೆಯವರೆಗೆ ನಾವು ಆಡುವ "ಹೂಂ", "ಆಯ್ತು", "ಸರಿ ಸರ್" ಇವುಗಳಿಂದ ಆದದ್ದೇ ಹೆಚ್ಚು.

ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಈ ದಾರಿಗೆ ಬರುವವರು ಕಮ್ಮಿ. ಕೇಳೋಣವೆಂದರೆ ಪಕ್ಕದ ಮನೆಯಲ್ಲಿ ಪೈಲಟ್ ಇರುವುದಿಲ್ಲ. ಹಾಗಾಗಿ ಮೊದಲಿನಿಂದ ಬರೆಯುತ್ತೇನೆ.

ವಿಮಾನದ ರೇಡಿಯೊ ಬಳಸಲು ಬೇಕಾದ ಅರ್ಹತಾ ಪತ್ರ ಆರ್‌ಟಿಆರ್. ಮೊದಲು ಇದನ್ನು ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ ನಡೆಸುತ್ತಿತ್ತು. ಭಾರತೀಯ ವಾಯುಯಾನ ಅಧಿನಿಯಮ 2024, 2025ರ ಜನವರಿ 1ರಿಂದ ಜಾರಿಗೆ ಬಂತು. ಅದರೊಂದಿಗೆ ಈ ಕೆಲಸ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯಕ್ಕೆ, ಅಂದರೆ ಡಿಜಿಸಿಎಗೆ ಬಂತು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಸೀನಿಯರ್‌ಗಳಿಂದ ಸಿಗುವ ಜೆರಾಕ್ಸ್ ನೋಟ್ಸ್‌ನಲ್ಲಿ ಈಗಲೂ ಹಳೆಯ ಅರ್ಜಿ, ಹಳೆಯ ವಿಳಾಸ, ಹಳೆಯ ಅಂಕಗಳ ಲೆಕ್ಕವೇ ಇದೆ. ಆ ನೋಟ್ಸ್‌ನ ರೇಡಿಯೊ ಪಾಠ ಓದಿ. ಅರ್ಜಿಯ ವಿಷಯಕ್ಕೆ, ಕೇಂದ್ರದ ವಿಷಯಕ್ಕೆ ಮಾತ್ರ ಡಿಜಿಸಿಎಯ ಹೊಸ ಪ್ರಕಟಣೆಯನ್ನೇ ನೋಡಿ. ಬೆಂಗಳೂರಿನಲ್ಲೇ ಕೇಂದ್ರ ಸಿಗುತ್ತದೆಂದು ನಂಬಿಕೊಂಡು ಟಿಕೆಟ್ ಮಾಡಿಸಬೇಡಿ. ನಾನು ಹೊರರಾಜ್ಯಕ್ಕೆ ಹೋಗಬೇಕಾಯಿತು.

ಕಾಗದಪತ್ರದಲ್ಲಿ ನಮ್ಮ ಕಡೆಯವರಿಗೆ ಬಂದೇ ಬರುವ ತೊಡಕು ಹೆಸರಿನದು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಮುಂದೆ ಎರಡು ಇನಿಷಿಯಲ್ ಇರುತ್ತದೆ. ಆಧಾರ್‌ನಲ್ಲಿ ಇನಿಷಿಯಲ್ ಬಿಡಿಸಿ ಅಪ್ಪನ ಹೆಸರು ಸೇರಿಸಿರುತ್ತಾರೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾನೆ ತುಂಬಲೇಬೇಕು ಅಂದುಕೊಂಡು ಊರಿನ ಹೆಸರು ಹಾಕಿಸಿರುತ್ತೇವೆ. ಹೀಗೆ ಒಬ್ಬರೇ ಮೂರು ಜನ ಆಗಿರುತ್ತೇವೆ. ಡಿಜಿಸಿಎಯ ಇ-ಜಿಸಿಎ ಪೋರ್ಟಲ್ಲಿನಲ್ಲಿ ಪ್ರೊಫೈಲ್ ಮಾಡಿ ಕಂಪ್ಯೂಟರ್ ನಂಬರಿಗೆ (ಪರೀಕ್ಷೆ ಬರೆಯುವವರ ಗುರುತಿನ ಸಂಖ್ಯೆ) ಅರ್ಜಿ ಹಾಕುವ ಮೊದಲೇ ಇದನ್ನು ಸರಿಮಾಡಿಕೊಳ್ಳಿ. ಆಮೇಲೆ ಮಾಡಿದರೆ ಪ್ರತಿ ಹಂತದಲ್ಲೂ ಅಫಿಡವಿಟ್ ಹಿಡಿದು ನಿಲ್ಲಬೇಕಾಗುತ್ತದೆ. ನಾನು ಹತ್ತನೇ ತರಗತಿಯ ಮಾರ್ಕ್ಸ್ ಕಾರ್ಡನ್ನೇ ಆಧಾರವಾಗಿ ಇಟ್ಟುಕೊಂಡು ಮೊದಲು ಆಧಾರ್, ಆಮೇಲೆ ಪಾಸ್‌ಪೋರ್ಟ್ ತಿದ್ದಿಸಿದೆ. ಏಳು ವಾರ ಹೋಯಿತು. ಪಿಯುಸಿಯಲ್ಲಿ ಫಿಸಿಕ್ಸ್ ಮತ್ತು ಮ್ಯಾಥ್ಸ್ ಇದ್ದದ್ದಕ್ಕೆ ಮಾರ್ಕ್ಸ್ ಕಾರ್ಡ್ ಕೇಳುತ್ತಾರೆ. ಮೂಲ ಪ್ರತಿ ಕೈಯಲ್ಲಿರಲಿ. ಕಾಲೇಜಿನಲ್ಲೇ ಬಿಟ್ಟುಬಂದಿದ್ದರೆ ಇವತ್ತೇ ಹೋಗಿ ತನ್ನಿ.

ಈ ಕಾಯುವ ದಿನಗಳಲ್ಲೇ ನಿಜವಾದ ಓದು ಆಗುವುದು. ಮೊದಲು ಅಕ್ಷರ ಮತ್ತು ಅಂಕಿ. ಆಲ್ಫಾ, ಬ್ರಾವೊ, ಚಾರ್ಲಿ ಎಲ್ಲರಿಗೂ ಎರಡು ದಿನದಲ್ಲಿ ಬರುತ್ತದೆ. ಅಂಕಿಗಳು ಬರುವುದಿಲ್ಲ. ಮೂರನ್ನು "ಟ್ರೀ", ನಾಲ್ಕನ್ನು "ಫೋವರ್", ಐದನ್ನು "ಫೈಫ್", ಒಂಬತ್ತನ್ನು "ನೈನರ್" ಅನ್ನಬೇಕು. ಸಾವಿರಕ್ಕೆ "ಟೌಸಂಡ್". ಇದು ಶೋಕಿಗೆ ಮಾಡಿದ್ದಲ್ಲ. ಗರಗರ ಅನ್ನುವ ರೇಡಿಯೊದಲ್ಲಿ ವ್ಯಂಜನಗಳು ನುಂಗಿಹೋದರೆ ಫೈವ್, ನೈನ್ ಎರಡರಲ್ಲೂ ಉಳಿಯುವುದು "ಐ" ಎಂಬ ಒಂದೇ ಸ್ವರ. ಕೊನೆಯನ್ನು ಬದಲಿಸಿದರೆ ಆ ಸ್ವರದ ಆಚೆಗೂ ಕಿವಿಗೆ ಒಂದು ಗುರುತು ಸಿಗುತ್ತದೆ.

ಇದರ ಜೊತೆಗೆ ಕನ್ನಡ ನಾಲಗೆಯ ಒಂದು ಅಭ್ಯಾಸ ಇದೆ. ಇದನ್ನು ಯಾವ ನೋಟ್ಸಿನಲ್ಲೂ ಬರೆದಿರುವುದಿಲ್ಲ. ವ್ಯಂಜನದಲ್ಲಿ ನಿಲ್ಲುವ ಪದಕ್ಕೆ ನಾವು ಕೊನೆಗೆ ಒಂದು "ಉ" ಸೇರಿಸುತ್ತೇವೆ: ಬಸ್ಸು, ಲೆಫ್ಟು, ಹೋಲ್ಡು. ಮನೆಯಲ್ಲಿ ಇದರಿಂದ ಏನೂ ಕೆಡುವುದಿಲ್ಲ. ಈಗ "ಹೆಡಿಂಗ್ ವನ್ ಏಯ್ಟ್ ಝೀರೊ" (ವಿಮಾನದ ಮೂಗು 180 ಡಿಗ್ರಿ ದಿಕ್ಕಿಗೆ) ಎನ್ನುವುದನ್ನು ಅದೇ ರೂಢಿಯಲ್ಲಿ ಹೇಳಿನೋಡಿ: "ವನ್ ಏಯ್ಟು ಝೀರೊ". ಕೇಳುವವನ ಕಿವಿಗೆ ಅದು ಏಯ್ಟ್ ಟೂ ಆಗುತ್ತದೆ, ಎಂಟು ಎರಡು. ಹೆಡಿಂಗ್ ಮೂರೇ ಅಂಕಿ ಆದ್ದರಿಂದ ಅಲ್ಲಿ ಹೆಚ್ಚೆಂದರೆ "ಸೇ ಅಗೇನ್" ಅಂತ ಕೇಳುತ್ತಾರೆ. ಎತ್ತರದ ಅಂಕಿಯಲ್ಲಿ ಹೀಗಾದರೆ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆಂಬ ಖಾತ್ರಿ ಇಲ್ಲ. ಫೋನಿನಲ್ಲಿ ನಿಮ್ಮ ಧ್ವನಿ ರೆಕಾರ್ಡ್ ಮಾಡಿ, ಮರುದಿನ ಕೇಳಿ. ಅದೇ ದಿನ ಕೇಳಿದರೆ ಏನು ಹೇಳಿದ್ದೀರೆಂದು ನೆನಪಿರುತ್ತದೆ, ಕಿವಿ ತಾನಾಗಿ ತಿದ್ದಿಕೊಂಡುಬಿಡುತ್ತದೆ. ಈ "ಉ" ಬಿಡಿಸಿಕೊಳ್ಳಲು ನನಗೆ ಮೂರು ವಾರ ಬೇಕಾಯಿತು.

ಒಂದೇ ಸದ್ದು ಎರಡು ಅರ್ಥ ಕೊಟ್ಟರೆ ಏನಾಗುತ್ತದೆಂದು ಕನ್ನಡದವರಿಗೆ ಬಿಡಿಸಿ ಹೇಳಬೇಕಿಲ್ಲ. "ಏಳು" ಅಂದರೆ ಸಂಖ್ಯೆಯೂ ಹೌದು, ಎದ್ದೇಳು ಅನ್ನುವುದೂ ಹೌದು. ಇಂಗ್ಲಿಷಿನಲ್ಲಿ "ಟು" (ಅಲ್ಲಿಗೆ, ಇಲ್ಲಿಗೆ ಅನ್ನುವ "ಗೆ") ಮತ್ತು "ಟೂ" (ಎರಡು) ಹಾಗೆಯೇ. 1989ರ ಫೆಬ್ರವರಿ 19ರಂದು ಫ್ಲೈಯಿಂಗ್ ಟೈಗರ್ 66 ಎಂಬ ಬೋಯಿಂಗ್ 747 ಸರಕು ವಿಮಾನ ಕ್ವಾಲಾಲಂಪುರದಲ್ಲಿ ಇಳಿಯಲು ಬರುತ್ತಿತ್ತು. 2400 ಅಡಿಗೆ ಇಳಿಯಿರಿ ಎನ್ನಲು, ನೆಲದಿಂದ ವಿಮಾನಗಳಿಗೆ ಆದೇಶ ಕೊಡುವ ಕಂಟ್ರೋಲರ್ "ಡಿಸೆಂಡ್ ಟೂ ಫೋರ್ ಝೀರೊ ಝೀರೊ" ಎಂದರು. ಕಾಕ್‌ಪಿಟ್‌ಗೆ ಅದು "ಟು ಫೋರ್ ಝೀರೊ ಝೀರೊ" ಎಂದು, ಅಂದರೆ 400 ಅಡಿಗೆ ಎಂದು ಕೇಳಿಸಿತು. ವಿಮಾನ ಗುಡ್ಡಕ್ಕೆ ಬಡಿದು ನಾಲ್ವರೂ ತೀರಿಕೊಂಡರು. ಎತ್ತರ ಹೇಳುವಾಗ ಅಂಕಿಯ ಮುಂದೆ "ಆಲ್ಟಿಟ್ಯೂಡ್" ಅಥವಾ "ಫ್ಲೈಟ್ ಲೆವೆಲ್" ಎಂಬ ಪದ ಇಟ್ಟರೆ, "ಟೌಸಂಡ್", "ಹಂಡ್ರೆಡ್" ಬಿಡದೆ ಹೇಳಿದರೆ, ಈ ಗೊಂದಲಕ್ಕೆ ಜಾಗವೇ ಉಳಿಯುವುದಿಲ್ಲ. ಪರೀಕ್ಷೆಯಲ್ಲಿ "ಟೂ ಟೌಸಂಡ್ ಫೋವರ್ ಹಂಡ್ರೆಡ್ ಫೀಟ್" ಎಂದು ಪೂರ್ತಿ ಹೇಳಲು ಯಾಕೆ ಒತ್ತಾಯಿಸುತ್ತಾರೆಂದು ಈ ಒಂದು ಘಟನೆಯಿಂದ ತಿಳಿಯುತ್ತದೆ.

ಇನ್ನು ರೀಡ್‌ಬ್ಯಾಕ್, ಅಂದರೆ ಕೇಳಿದ್ದನ್ನು ತಿರುಗಿ ಹೇಳುವುದು. ಇಡೀ ಪರೀಕ್ಷೆಯ ಜೀವ ಇದರಲ್ಲೇ ಇದೆ. ಮಾರ್ಗದ ಕ್ಲಿಯರೆನ್ಸ್, ಯಾವ ರನ್‌ವೇ, ರನ್‌ವೇಗೆ ಹೋಗುವುದು, ದಾಟುವುದು, ಅದರ ಹೊರಗೇ ನಿಲ್ಲುವುದು, ಟೇಕ್‌ಆಫ್, ಲ್ಯಾಂಡಿಂಗ್, ಎತ್ತರ, ಹೆಡಿಂಗ್, ವೇಗ, ಆಲ್ಟಿಮೀಟರ್ (ಎತ್ತರ ತೋರಿಸುವ ಮೀಟರ್) ಸೆಟ್ಟಿಂಗ್, ರಾಡಾರಿನಲ್ಲಿ ವಿಮಾನವನ್ನು ಗುರುತಿಸುವ ಸ್ಕ್ವಾಕ್ ಕೋಡ್, ಆ ಮೀಟರಿನ ಸೆಟ್ಟಿಂಗ್ ಬದಲಿಸುವ ಟ್ರಾನ್ಸಿಷನ್ ಲೆವೆಲ್ ಇಷ್ಟನ್ನೂ ತಿರುಗಿ ಹೇಳಲೇಬೇಕು. ಗಾಳಿಯ ದಿಕ್ಕನ್ನು ಹೇಳಬೇಕಿಲ್ಲ. ಬೇಡದ್ದನ್ನೆಲ್ಲ ಹೇಳಿದರೆ ಫ್ರೀಕ್ವೆನ್ಸಿ ತುಂಬಿ ಬೇರೆಯವರಿಗೆ ದಾರಿ ಇರುವುದಿಲ್ಲ.

ನಾನು ಅಭ್ಯಾಸಕ್ಕೆ ಇಟ್ಟುಕೊಂಡ ಕಾಲ್ ಸೈನ್ (ರೇಡಿಯೊದಲ್ಲಿ ವಿಮಾನವನ್ನು ಕರೆಯುವ ಹೆಸರು) ಭಾರತದ ವಿಮಾನಗಳ "ವಿಟಿ"ಯ ಜೊತೆ ನಮ್ಮ ರೈಲ್ವೆ ಸ್ಟೇಷನ್ನಿನ ಕೋಡು "ಡಿವಿಜಿ": ವಿಕ್ಟರ್ ಟ್ಯಾಂಗೊ ಡೆಲ್ಟಾ ವಿಕ್ಟರ್ ಗಾಲ್ಫ್. ಟವರ್ ಹೀಗೆ ಹೇಳಿತು ಅಂದುಕೊಳ್ಳಿ: "ಡೆಲ್ಟಾ ವಿಕ್ಟರ್ ಗಾಲ್ಫ್, ಟ್ಯಾಕ್ಸಿ ಟು ಹೋಲ್ಡಿಂಗ್ ಪಾಯಿಂಟ್ ಬ್ರಾವೊ, ರನ್‌ವೇ ಟೂ ಸೆವೆನ್, ಹೋಲ್ಡ್ ಶಾರ್ಟ್, ಕ್ಯೂಎನ್‌ಎಚ್ ವನ್ ಝೀರೊ ಝೀರೊ ಟ್ರೀ." ಇದಕ್ಕೆ "ರೋಜರ್, ಡೆಲ್ಟಾ ವಿಕ್ಟರ್ ಗಾಲ್ಫ್" ಅಂದರೆ ಅಂಕ ಹೋಯಿತು. ಹೋಲ್ಡಿಂಗ್ ಪಾಯಿಂಟ್, ರನ್‌ವೇ, ಹೋಲ್ಡ್ ಶಾರ್ಟ್ (ರನ್‌ವೇ ಹೊರಗೇ ನಿಲ್ಲು), ಕ್ಯೂಎನ್‌ಎಚ್ (ಆಲ್ಟಿಮೀಟರಿಗೆ ಹೊಂದಿಸುವ ಗಾಳಿಯ ಒತ್ತಡ) ನಾಲ್ಕೂ ಬಂದು, ಕೊನೆಗೆ ಕಾಲ್ ಸೈನ್ ಬರಬೇಕು. ಇಲ್ಲಿ 1003 ಅನ್ನು 1013 ಅಂತ ಕೇಳಿಸಿಕೊಂಡರೆ ಏನಾಗುತ್ತದೆ ಎಂದು ಓರಲ್‌ನಲ್ಲಿ ಕೇಳಬಹುದು. ಒಂದು ಹೆಕ್ಟೋಪಾಸ್ಕಲ್‌ಗೆ ಸುಮಾರು 30 ಅಡಿ. ಹತ್ತು ತಪ್ಪಿದರೆ 300 ಅಡಿ. ಆಲ್ಟಿಮೀಟರ್ ಇರುವುದಕ್ಕಿಂತ ಹೆಚ್ಚು ಎತ್ತರ ತೋರಿಸುತ್ತದೆ, ವಿಮಾನ ನೀವು ಅಂದುಕೊಂಡದ್ದಕ್ಕಿಂತ 300 ಅಡಿ ಕೆಳಗಿರುತ್ತದೆ.

"ರೋಜರ್" ಅಂದರೆ ನೀವು ಕಳಿಸಿದ್ದು ಪೂರ್ತಿ ತಲುಪಿತು ಎಂದಷ್ಟೇ. ಒಪ್ಪಿಗೆ ಅಲ್ಲ, ಹೌದು ಅಲ್ಲ, ಮಾಡುತ್ತೇನೆ ಅಂತಲೂ ಅಲ್ಲ. ಮಾಡುತ್ತೇನೆ ಎನ್ನಲು "ವಿಲ್ಕೊ". ಹೌದು ಎನ್ನಲು "ಅಫರ್ಮ್". ಪೂರ್ತಿ "ಅಫರ್ಮೇಟಿವ್" ಅನ್ನಬಾರದು, ಮೊದಲ ಭಾಗ ಕತ್ತರಿಸಿಹೋದರೆ ಉಳಿಯುವ ಬಾಲ "ನೆಗೆಟಿವ್"ನ ಬಾಲದಂತೆಯೇ ಕೇಳುತ್ತದೆ. ನಮ್ಮ "ಹೂಂ" ಈ ಮೂರೂ ಕೆಲಸವನ್ನು ಒಂದೇ ಉಸಿರಿನಲ್ಲಿ ಮಾಡುತ್ತದೆ. ಕೇಳಿಸಿತು ಅಂತಲೂ ಹೂಂ, ಹೌದು ಅಂತಲೂ ಹೂಂ, ಮಾಡ್ತೀನಿ ಅಂತಲೂ ಹೂಂ. ಎದುರಿಗೆ ಮುಖ ಇದ್ದರೆ ಯಾವ ಹೂಂ ಎಂದು ಗೊತ್ತಾಗುತ್ತದೆ. ರೇಡಿಯೊದಲ್ಲಿ ಮುಖ ಇಲ್ಲ.

ಸ್ಪೇನಿನ ಟೆನೆರಿಫ್ ದ್ವೀಪದ ಅಪಘಾತದ ಕಥೆಯಲ್ಲಿ ಈ ಹೂಂ ಇದೆ. 1977ರ ಮಾರ್ಚ್ 27, ಲಾಸ್ ರೋಡಿಯೋಸ್ ನಿಲ್ದಾಣ, ದಟ್ಟ ಮಂಜು. ಕೆಎಲ್‌ಎಂ 747 ರನ್‌ವೇ ತುದಿಯಲ್ಲಿ ನಿಂತಿದೆ, ಪ್ಯಾನ್ ಆಮ್ 747 ಅದೇ ರನ್‌ವೇ ಮೇಲೆ ಎದುರಿಗೆ ಬರುತ್ತಿದೆ. ಕೆಎಲ್‌ಎಂಗೆ ಸಿಕ್ಕಿದ್ದು ಮಾರ್ಗದ ಕ್ಲಿಯರೆನ್ಸ್ ಮಾತ್ರ. ಅದನ್ನು ತಿರುಗಿ ಹೇಳುತ್ತಾ ಕೊನೆಗೆ "ವಿ ಆರ್ ನೌ ಅಟ್ ಟೇಕ್‌ಆಫ್" ಅಂದರು. ಟವರ್ "ಓಕೆ" ಅಂದು, ಕ್ಷಣ ಬಿಟ್ಟು, ಟೇಕ್‌ಆಫ್‌ಗೆ ಕಾಯಿರಿ, ನಾನು ಕರೆಯುತ್ತೇನೆ ಎಂದಿತು. ಅದೇ ಹೊತ್ತಿಗೆ ಪ್ಯಾನ್ ಆಮ್‌ನವರು ನಾವಿನ್ನೂ ರನ್‌ವೇ ಮೇಲೇ ಇದ್ದೇವೆ ಎಂದರು. ಎರಡು ಪ್ರಸಾರ ಒಂದರ ಮೇಲೊಂದು ಬಿದ್ದು ಕೆಎಲ್‌ಎಂ ಕಾಕ್‌ಪಿಟ್‌ನಲ್ಲಿ ಕೀರಲು ಸದ್ದಾಯಿತು. ಸ್ಪಷ್ಟವಾಗಿ ಕೇಳಿದ್ದು ಆ "ಓಕೆ" ಒಂದೇ. ಎರಡೂ ವಿಮಾನ ಡಿಕ್ಕಿಯಾಗಿ 583 ಜನ ಸತ್ತರು. "ಟೇಕ್‌ಆಫ್" ಎಂಬ ಪದವನ್ನು ನಿಜವಾದ ಟೇಕ್‌ಆಫ್ ಕ್ಲಿಯರೆನ್ಸ್ ಕೊಡುವಾಗ ಅಥವಾ ರದ್ದು ಮಾಡುವಾಗ ಮಾತ್ರ ಆಡಬೇಕು, ಮಿಕ್ಕ ಎಲ್ಲ ಕಡೆ "ಡಿಪಾರ್ಚರ್" ಅನ್ನಬೇಕು ಎಂಬ ನಿಯಮ ಇದರ ನಂತರದ್ದು. ಪರೀಕ್ಷೆಯಲ್ಲಿ "ರೆಡಿ ಫಾರ್ ಟೇಕ್‌ಆಫ್" ಅಂತ ಬಾಯಿ ಜಾರುವುದು ತುಂಬಾ ಸಾಮಾನ್ಯ. "ರೆಡಿ ಫಾರ್ ಡಿಪಾರ್ಚರ್" ಎಂದು ನೂರು ಸಲ ಹೇಳಿ ರೂಢಿ ಮಾಡಿಕೊಳ್ಳಿ.

"ರೈಟ್" ಕೂಡ ಹಾಗೇ. ನಮ್ಮ ಬಸ್ಸಿನಲ್ಲಿ ಕಂಡಕ್ಟರ್ "ರೈಟ್ ರೈಟ್" ಅಂದರೆ ಹೊರಡು, "ಹೋಲ್ಡಾನ್" ಅಂದರೆ ನಿಲ್ಲಿಸು. ಚಿಕ್ಕಂದಿನಿಂದ ಕೇಳಿದ ಕಿವಿಗೆ ಅದು ಅಪ್ಪಣೆಯೇ. ರೇಡಿಯೊದಲ್ಲಿ "ರೈಟ್" ಎಂದರೆ ಬಲಗಡೆ, ಬೇರೇನೂ ಅಲ್ಲ. ಬೆಂಗಳೂರಿನಂಥ ಕಡೆ ಟೂ ಸೆವೆನ್ ಲೆಫ್ಟ್, ಟೂ ಸೆವೆನ್ ರೈಟ್ ಎಂದು ಎರಡು ಸಮಾನಾಂತರ ರನ್‌ವೇಗಳೇ ಇವೆ. ಮಾತಿನ ಮೊದಲಿಗೆ "ರೈಟ್, ವಿ ವಿಲ್" ಎಂದು ಶುರುಮಾಡುವ ಚಾಳಿ ಇದ್ದರೆ ಮೊದಲ ದಿನವೇ ಬಿಡಿ.

ಬಿಡಲು ಎಲ್ಲಕ್ಕಿಂತ ಕಷ್ಟವಾದದ್ದು "ಸರ್". ಎದುರಿಗೆ ವಯಸ್ಸಾದ ಪರೀಕ್ಷಕರು ಕೂತಿರುತ್ತಾರೆ. ಅವರಿಗೆ ಸರ್ ಅನ್ನದೆ ಬರೀ ನಂಬರ್ ಹೇಳಿ ಸುಮ್ಮನಾಗುವುದು ಎದೆಗೆ ಒಗ್ಗುವುದಿಲ್ಲ, ಅಗೌರವ ಅನಿಸುತ್ತದೆ. ಆದರೆ ಹೆಡ್‌ಸೆಟ್ ಹಾಕಿದ ಮೇಲೆ ಅವರು ಸರ್ ಅಲ್ಲ, ಟವರ್. ನಮಸ್ಕಾರ, ಸರ್, ಥ್ಯಾಂಕ್ಯೂ ಎಲ್ಲವನ್ನೂ ಹೆಡ್‌ಸೆಟ್ ಹಾಕುವ ಮೊದಲು ಹೇಳಿ ಮುಗಿಸಿಬಿಡಿ.

ಅಭ್ಯಾಸಕ್ಕೆ ಜೊತೆಗಾರ ಬೇಕೇ ಬೇಕು. ನನಗೆ ಸಿಕ್ಕಿದವನು ಚಿತ್ರದುರ್ಗದ ಹುಡುಗ. ದಿನಾ ರಾತ್ರಿ ಒಂಬತ್ತರಿಂದ ಹತ್ತು, ಫೋನಿನಲ್ಲಿ. ಒಬ್ಬ ಟವರ್, ಒಬ್ಬ ಪೈಲಟ್, ಅರ್ಧ ಗಂಟೆಗೆ ಅದಲು ಬದಲು. ವಿಡಿಯೊ ಕಾಲ್ ಮಾಡಬೇಡಿ, ತುಟಿ ನೋಡಿ ಅರ್ಥಮಾಡಿಕೊಳ್ಳುತ್ತೀರಿ. ಟವರ್ ಆದವನು ಬೇಕೆಂದೇ ಐದಕ್ಕೊಂದು ಸಲ ತಪ್ಪು ರೀಡ್‌ಬ್ಯಾಕನ್ನು ಹಿಡಿಯದೆ ಬಿಡಬೇಕು, ಅಥವಾ ನಡುವೆ ಬೇರೊಂದು ಹತ್ತಿರದ ಕಾಲ್ ಸೈನಿಗೆ ಆದೇಶ ಕೊಡಬೇಕು. ಬೇರೆಯವರಿಗೆ ಹೇಳಿದ್ದನ್ನು ತನಗೆ ಅಂದುಕೊಂಡು ಉತ್ತರಿಸುವುದು ಆಗ ಬಯಲಾಗುತ್ತದೆ. ಒಳ್ಳೆಯ ಕಂಪ್ಯೂಟರ್, ಇಂಟರ್ನೆಟ್ ಇದ್ದವರು ವ್ಯಾಟ್‌ಸಿಮ್ ಜಾಲದಲ್ಲಿ ಫ್ಲೈಟ್ ಸಿಮ್ಯುಲೇಟರ್ ಜೋಡಿಸಿ ಮಾತಾಡಬಹುದು. ನಾನು ಸಾವಿರದ ಇನ್ನೂರು ರೂಪಾಯಿಯ ಯುಎಸ್‌ಬಿ ಹೆಡ್‌ಸೆಟ್ಟಿನಲ್ಲೇ ಮುಗಿಸಿದೆ. ಏರ್‌ಬ್ಯಾಂಡ್ ಕೇಳಲೆಂದು ಪರವಾನಗಿ ಇಲ್ಲದ ರೇಡಿಯೊ ಸೆಟ್ ಮಾತ್ರ ತರಿಸಬೇಡಿ.

ಗುಂಡಿ ಒತ್ತುವುದಕ್ಕೂ ಅಭ್ಯಾಸ ಬೇಕು. ಮೊದಲು ಕಿವಿಗೊಟ್ಟು ಕೇಳಿ, ಯಾರೂ ಮಾತಾಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಗುಂಡಿ ಪೂರ್ತಿ ಒತ್ತಿದ ಮೇಲೆ ಬಾಯಿ ತೆರೆಯಿರಿ, ಮಾತು ಪೂರ್ತಿ ಮುಗಿದ ಮೇಲೆ ಬಿಡಿ. ಇಲ್ಲದಿದ್ದರೆ ಮೊದಲ ಅಕ್ಷರವೋ ಕೊನೆಯ ಅಂಕಿಯೋ ಹೋಗುತ್ತದೆ. ನಿಮಿಷಕ್ಕೆ 100 ಪದ ಮೀರಬಾರದು. ನಾವು ಸಾಮಾನ್ಯವಾಗಿ ಮಾತಾಡುವುದು ಇದಕ್ಕಿಂತ ಬಹಳ ವೇಗ, ಗಡಿಯಾರ ಇಟ್ಟು ನೋಡಿಕೊಳ್ಳಿ. ಕರೆದು ಉತ್ತರ ಬರದಿದ್ದರೆ ಕನಿಷ್ಠ 10 ಸೆಕೆಂಡ್ ಬಿಟ್ಟು ಮತ್ತೆ ಕರೆಯಿರಿ.

ಕೋಚಿಂಗ್ ಬಗ್ಗೆ ಒಂದು ಮಾತು. ನಾನು ಸೇರಿದ ಕ್ಲಾಸಿನಲ್ಲಿ ಹತ್ತು ದಿನಕ್ಕೆ ಹದಿನೈದು ಸಾವಿರ ತೆಗೆದುಕೊಂಡರು, ಪಿಜಿ ಖರ್ಚು ಬೇರೆ. ಸ್ಟಾರ್ಟ್‌ಅಪ್‌ನಿಂದ ಲ್ಯಾಂಡಿಂಗ್‌ವರೆಗೆ ಇಡೀ ಸಂಭಾಷಣೆಯನ್ನು ಬಾಯಿಪಾಠ ಮಾಡಿಸಿದರು. ಬಾಯಿಪಾಠದ ಅಪಾಯ ಏನೆಂದರೆ ಕಿವಿ ಮುಚ್ಚಿಹೋಗುತ್ತದೆ. ಬರಬೇಕಾದ ಉತ್ತರ ಮೊದಲೇ ಗೊತ್ತಿದ್ದರೆ ಬಂದ ಉತ್ತರ ಕೇಳಿಸುವುದಿಲ್ಲ. ಆಕಾಶದಲ್ಲೂ ಅನುಭವಿ ಪೈಲಟ್‌ಗಳು ತಪ್ಪುವುದು ಹೆಚ್ಚಾಗಿ ಇಲ್ಲೇ. ದಿನಾ ಸಿಗುವ ಎತ್ತರವೇ ಇವತ್ತೂ ಸಿಕ್ಕಿತು ಎಂದು ಮನಸ್ಸು ತುಂಬಿಕೊಂಡುಬಿಡುತ್ತದೆ. ತಪ್ಪು ರೀಡ್‌ಬ್ಯಾಕ್ ಕೊಡುತ್ತಾರೆ, ಕಂಟ್ರೋಲರ್ ಕೂಡ ತಾನು ಹೇಳಿದ್ದನ್ನೇ ಕೇಳಿಸಿಕೊಂಡು ಸುಮ್ಮನಾಗುತ್ತಾರೆ.

ಪರೀಕ್ಷೆಯ ದಿನ ಒಂದು ಹಾಳೆ ಕೊಟ್ಟರು. ಕಾಲ್ ಸೈನ್, ಎಲ್ಲಿಂದ ಎಲ್ಲಿಗೆ, ಮಾರ್ಗ, ಲೆವೆಲ್, ಇಂಧನ ಎಷ್ಟು ಹೊತ್ತಿಗೆ, ಒಳಗೆ ಎಷ್ಟು ಜನ. ಓದಲು ಕೊಟ್ಟ ಸಮಯದಲ್ಲಿ ಅಂದ ಮಾಡುತ್ತಾ ಕೂರಬೇಡಿ, ಖಾಲಿ ಕಾಗದದಲ್ಲಿ ಉದ್ದಕ್ಕೆ ಗೆರೆ ಎಳೆದು ಎಡಗಡೆ "ಬಂದದ್ದು", ಬಲಗಡೆ "ಹೇಳಬೇಕಾದ್ದು" ಎಂದು ಜಾಗ ಮಾಡಿಕೊಳ್ಳಿ. ಎರಡು ಪೆನ್ ಇಟ್ಟುಕೊಳ್ಳಿ. ಟವರ್, ಅಪ್ರೋಚ್, ಏರಿಯಾ ಕಂಟ್ರೋಲ್ ಎಲ್ಲ ಒಬ್ಬರೇ ಪರೀಕ್ಷಕರು. ಫ್ರೀಕ್ವೆನ್ಸಿ ಬದಲಾಯಿಸಿದ ಮೇಲೂ ಹಳೆಯ ಸ್ಟೇಷನ್ನಿನ ಹೆಸರು ಹಿಡಿದು ಕರೆದರೆ ಅಲ್ಲೊಂದು ತಪ್ಪು. ನಡುದಾರಿಯಲ್ಲಿ ಒಂದು ಅಂಕಿ ನನಗೆ ಸರಿಯಾಗಿ ಕೇಳಿಸಲಿಲ್ಲ. ಕೈ ಬೆವರಿತು. "ಸೇ ಅಗೇನ್ ಲೆವೆಲ್" ಎಂದು ಕೇಳಿದೆ, ತಿರುಗಿ ಹೇಳಿದರು. ಅಂದಾಜಿನ ಮೇಲೆ ತಿರುಗಿ ಹೇಳುವುದಕ್ಕಿಂತ ಕೇಳುವುದು ಯಾವಾಗಲೂ ಒಳ್ಳೆಯದು.

ತುರ್ತು ಭಾಗ ಬಂದೇ ಬರುತ್ತದೆ. ಮೇಡೇ ಮೂರು ಸಲ, ಕರೆಯುತ್ತಿರುವ ಸ್ಟೇಷನ್, ಕಾಲ್ ಸೈನ್, ಏನಾಗಿದೆ, ಏನು ಮಾಡಲಿದ್ದೇವೆ, ಎಲ್ಲಿದ್ದೇವೆ, ಎತ್ತರ, ಹೆಡಿಂಗ್, ಉಳಿದ ಇಂಧನ, ಜನ. ಜೀವಕ್ಕೆ ತಕ್ಷಣದ ಅಪಾಯ ಇಲ್ಲದ ತುರ್ತಿಗೆ ಪ್ಯಾನ್ ಪ್ಯಾನ್ ಮೂರು ಸಲ. ಇಲ್ಲಿ ಮೆತ್ತಗಿನ ಮಾತು ಕೆಲಸಕ್ಕೆ ಬರುವುದಿಲ್ಲ. 1990ರ ಜನವರಿ 25ರಂದು ಆವಿಯಾಂಕಾ 52 ಎಂಬ ವಿಮಾನ ನ್ಯೂಯಾರ್ಕಿಗೆ ಹೋಗುವ ದಾರಿಯಲ್ಲಿ ಬಹಳ ಹೊತ್ತು ಸುತ್ತಬೇಕಾಯಿತು. "ಪ್ರಯಾರಿಟಿ" ಕೇಳಿದರು, ಇಂಧನ ಮುಗಿಯುತ್ತಿದೆ ಎಂದೂ ಹೇಳಿದರು, ಆದರೆ ಮೇಡೇ ಅನ್ನಲಿಲ್ಲ, ಎಮರ್ಜೆನ್ಸಿ ಅನ್ನಲಿಲ್ಲ. ಇಂಧನ ಖಾಲಿಯಾಗಿ ವಿಮಾನ ಬಿದ್ದು 73 ಜನ ಸತ್ತರು. ಈಗ "ಮಿನಿಮಮ್ ಫ್ಯುಯೆಲ್" ಅಂದರೆ ಇನ್ನು ತಡ ಮಾಡುವಂತಿಲ್ಲ ಎಂಬ ಎಚ್ಚರಿಕೆ, "ಮೇಡೇ ಫ್ಯುಯೆಲ್" ಅಂದರೆ ನಿಜವಾದ ತುರ್ತು. ಎರಡರ ವ್ಯತ್ಯಾಸ ಬರೆದು ಗೋಡೆಗೆ ಅಂಟಿಸಿಕೊಳ್ಳಿ. ಯಾರಿಗೂ ತೊಂದರೆ ಕೊಡಬಾರದೆಂದು ದನಿ ತಗ್ಗಿಸಿ ಬೆಳೆದ ನಮ್ಮಂಥವರಿಗೆ ಮೇಡೇ ಎಂದು ಗಟ್ಟಿಯಾಗಿ ಹೇಳುವುದಕ್ಕೇ ಬೇರೆ ಅಭ್ಯಾಸ ಬೇಕು.

ಓರಲ್‌ನಲ್ಲಿ ಕೇಳಿದ್ದು: ಸಂದೇಶಗಳ ಆದ್ಯತೆಯ ಕ್ರಮ, ರೇಡಿಯೊ ಕೆಟ್ಟರೆ ಹಾಕುವ ಸ್ಕ್ವಾಕ್ ಕೋಡ್ 7600, ತುರ್ತು ಫ್ರೀಕ್ವೆನ್ಸಿ 121.5, ಟವರಿನ ದೀಪದ ಸಂಕೇತಗಳು. ಹಾರುತ್ತಿರುವಾಗ ಮಿನುಗುವ ಹಸಿರು ಅಂದರೆ ಇಳಿಯಲು ಮರಳಿ ಬಾ. ನೆಲದ ಮೇಲೆ ಅದೇ ದೀಪಕ್ಕೆ ಟ್ಯಾಕ್ಸಿ ಮಾಡಬಹುದು ಎಂಬ ಅರ್ಥ. ಈ ಜೋಡಿಯನ್ನು ತಿರುಚಿ ಕೇಳುತ್ತಾರೆ. ವಿಎಚ್‌ಎಫ್ ಎಷ್ಟು ದೂರ ಹೋಗುತ್ತದೆ ಎಂದರೆ ಎತ್ತರದ ವರ್ಗಮೂಲವನ್ನು 1.23ರಿಂದ ಗುಣಿಸಿ, 10,000 ಅಡಿಗೆ ಸುಮಾರು 123 ನಾಟಿಕಲ್ ಮೈಲಿ. ಎಫ್‌ಎಂ ಬಿಟ್ಟು ಎಎಂ ಯಾಕೆ ಎಂದೂ ಕೇಳಿದರು. ಎಫ್‌ಎಂನಲ್ಲಿ ಜೋರಿನ ಪ್ರಸಾರ ಮೆತ್ತಗಿನದನ್ನು ಪೂರ್ತಿ ಮುಚ್ಚಿಬಿಡುತ್ತದೆ. ಎಎಂನಲ್ಲಿ ಎರಡು ಬಿದ್ದರೆ ಕೀರಲು ಸದ್ದಾದರೂ ಬರುತ್ತದೆ, ಇನ್ನೊಬ್ಬರು ಇದ್ದಾರೆಂದು ಗೊತ್ತಾಗುತ್ತದೆ.

ನಮ್ಮ ದೇಶದ ಚರ್ಖಿ ದಾದ್ರಿಯಲ್ಲಿ ಎರಡು ವಿಮಾನ ಆಕಾಶದಲ್ಲೇ ಡಿಕ್ಕಿಯಾದ ಬಗ್ಗೆಯೂ ಕೇಳಿದರು, ಓದಿಕೊಂಡು ಹೋಗಿ. 1996ರ ನವೆಂಬರ್ 12, 349 ಸಾವು. ಕಜಕ್ ವಿಮಾನಕ್ಕೆ 15,000 ಅಡಿ, ಸೌದಿ ವಿಮಾನಕ್ಕೆ 14,000 ಅಡಿ ಕೊಟ್ಟಿದ್ದರು. ಕಜಕ್ ವಿಮಾನ ತನಗೆ ಕೊಟ್ಟ ಎತ್ತರದಿಂದ ಕೆಳಗಿಳಿದು ಸೌದಿ ವಿಮಾನದ ದಾರಿಗೆ ಬಂತು. ನ್ಯಾಯಮೂರ್ತಿ ಲಾಹೋಟಿ ಅವರ ತನಿಖೆ ಇದನ್ನೇ ಕಾರಣವೆಂದು ಹೇಳಿ, ಕಜಕ್ ಸಿಬ್ಬಂದಿಯ ಇಂಗ್ಲಿಷ್ ಸಾಲದಾಗಿ ಕಂಟ್ರೋಲರ್ ಮಾತನ್ನು ತಪ್ಪಾಗಿ ಅರ್ಥ ಮಾಡಿಕೊಂಡದ್ದನ್ನೂ ಗುರುತಿಸಿತು. ಕಜಕ್ ವಿಮಾನದಲ್ಲಿ ರೇಡಿಯೊದಲ್ಲಿ ಮಾತಾಡುತ್ತಿದ್ದವರು ಒಬ್ಬರು, ವಿಮಾನ ಹಾರಿಸುತ್ತಿದ್ದವರು ಬೇರೆಯವರು. ಕಾಕ್‌ಪಿಟ್ ಒಳಗೂ ಕೇಳಿದ್ದನ್ನು ಪರಸ್ಪರ ಹೇಳಿಕೊಳ್ಳಬೇಕು ಎನ್ನುವುದನ್ನು ಉತ್ತರದಲ್ಲಿ ಸೇರಿಸಿ.

ಫಲಿತಾಂಶಕ್ಕೆ ಕಾದ ದಿನಗಳಲ್ಲಿ ಇಂಗ್ಲಿಷ್ ಪ್ರಾವೀಣ್ಯ ಪರೀಕ್ಷೆ ಮುಗಿಸಿಕೊಂಡೆ. ಉಚ್ಚಾರಣೆ, ವಾಕ್ಯರಚನೆ, ಶಬ್ದಭಂಡಾರ, ನಿರರ್ಗಳತೆ, ಗ್ರಹಿಕೆ, ಸಂವಾದ ಎಂಬ ಆರು ಅಂಶಗಳಲ್ಲಿ ಅಳೆಯುತ್ತಾರೆ. ಐದರಲ್ಲಿ 6 ಬಂದು ಒಂದರಲ್ಲಿ 4 ಬಂದರೆ ನಿಮ್ಮದು 4ನೇ ಮಟ್ಟವೇ. ಅಂತರರಾಷ್ಟ್ರೀಯ ಹಾರಾಟಕ್ಕೆ ಕನಿಷ್ಠ 4 ಬೇಕು. ಕನ್ನಡದ ಧಾಟಿ ಇದ್ದರೆ ಅಡ್ಡಿಯಿಲ್ಲ, ಕೇಳುವವರಿಗೆ ಅರ್ಥವಾಗಬೇಕು ಅಷ್ಟೇ. ವಿದೇಶಿ ಧಾಟಿ ತರಲು ಹೋಗಿ ತೊದಲಿದವರನ್ನು ಅಲ್ಲೇ ನೋಡಿದೆ. 4 ಬಂದವರು 3 ವರ್ಷಕ್ಕೆ, 5 ಬಂದವರು 6 ವರ್ಷಕ್ಕೆ ಮತ್ತೆ ಪರೀಕ್ಷೆ ಕೊಡಬೇಕು. ನನಗೆ 5 ಬಂತು. ಆರ್‌ಟಿಆರ್ ಫಲಿತಾಂಶ ಅದಾದ ಹನ್ನೊಂದನೇ ದಿನ ಬಂತು. ರಾತ್ರಿ ಒಂಬತ್ತಕ್ಕೆ ಚಿತ್ರದುರ್ಗದಿಂದ ಎಂದಿನಂತೆ ಫೋನ್ ಬಂತು. ಅವನ ಪರೀಕ್ಷೆ ಇನ್ನೂ ಬಾಕಿ ಇದೆ, ಹಾಗಾಗಿ ಈಗ ದಿನಾ ನಾನೇ ಟವರ್.